ಕೆಳಗಿನ ಕಾಲು ಕಾಯುವ ಹಾಸಿಗೆಯಕ್ಕ

ಬೆಳಗಿನ ಐದೂಕಾಲು. ದೊಡ್ಡ ಪ್ರಾಣಿಗಳ ಆಸ್ಪತ್ರೆಯ ಹಿಂಬದಿಯ ನಾಲ್ಕನೇ ಕೊಟ್ಟಿಗೆಯಲ್ಲಿ ಒಂದು ಮೋಟು ಸ್ಟೂಲು, ಅದರ ಮೇಲೆ ಐವತ್ತೆಂಟು ವರ್ಷದ ಹೆಂಗಸು, ಅವರೆದುರು ಕಂದು ಬಣ್ಣದ ಒಂದು ಹೇಸರಗತ್ತೆ. ಹೆಂಗಸಿನ ಬಲ ಅಂಗೈ ಅದರ ಎಡ ಮುಂಗಾಲಿನ ಮಂಡಿಯನ್ನು ಮುಂದಿನಿಂದ ಒತ್ತಿ ಹಿಡಿದಿದೆ. ದೂರದಿಂದ ನೋಡಿದವರಿಗೆ ಯಾರೋ ಪ್ರಾಣಿಯನ್ನು ರಮಿಸುತ್ತಿದ್ದಾರೆ ಅನ್ನಿಸಬೇಕು. ಹಾಗೇನೂ ಇಲ್ಲ. ಆ ಕೈ ತೆಗೆದರೆ ಮಂಡಿ ಮಡಿಚಿಕೊಳ್ಳುತ್ತದೆ, ಗೊರಸಿನ ತುದಿ ನೆಲಕ್ಕೆ ಕುಕ್ಕುತ್ತದೆ, ಮುನ್ನೂರು ಕಿಲೋ ತೂಗುವ ಪ್ರಾಣಿ ಮುಗ್ಗರಿಸುತ್ತದೆ. ಕೈ ಇದ್ದರೆ ನಾಲ್ಕೂ ಕಾಲೂರಿ ನಿಲ್ಲುತ್ತದೆ. ಇದೆಂಥ ವಿಚಿತ್ರ ಅಂತ ಕೇಳಿದರೆ ಅವರು ತಲೆ ಎತ್ತದೆಯೇ ಉತ್ತರ ಕೊಡುತ್ತಾರೆ.

“ಮೂಳೆ ಗಟ್ಟಿಯಾಗಿದೆ, ಕೀಲು ಸರಿಯಾಗಿದೆ. ಭಾರ ಹೊರೋದಕ್ಕೆ ಕಾಲು ತಯಾರಾಗೇ ಇದೆ. ಮಂಡಿ ನೆಟ್ಟಗೆ ಮಾಡು ಅಂತ ಅದಕ್ಕೆ ಹೇಳೋರು ಇಲ್ಲ, ಅಷ್ಟೇ. ಹೇಳಬೇಕಾದ ನರ ಮಲಗಿಬಿಟ್ಟಿದೆ. ಅದು ಏಳೋವರೆಗೂ ನಾನು ಹೇಳ್ತೀನಿ.”

ಹಾಜರಿ ಪುಸ್ತಕದಲ್ಲಿ ಇವರು ‘ಸಹಾಯಕಿ’. ಡಾಕ್ಟರಮ್ಮನಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಹಾಸಿಗೆಯಕ್ಕ. ಆಪರೇಷನ್ ಕೋಣೆಯಲ್ಲಿ ಕುದುರೆ, ಎಮ್ಮೆ, ಎತ್ತುಗಳಿಗೆ ಹಾಸಿಗೆ ಹಾಸುವುದು ಇವರ ಕೆಲಸ. ಇದೂ ಒಂದು ಕೆಲಸವೇ ಅಂತ ಮೂಗು ಮುರಿಯುವವರು ಒಂದು ದಿನ ಬಂದು ನೋಡಬೇಕು. ಒಟ್ಟು ಏಳು ಹಾಸಿಗೆ, ಒಂದೊಂದೂ ಹದಿನೆಂಟು ಕಿಲೋ. ದಿನಕ್ಕೆ ಎರಡೋ ಮೂರೋ ಆಪರೇಷನ್. ಪ್ರತಿ ಸಲವೂ ಏಳನ್ನೂ ಎಳೆದು ತಂದು ಹಾಸಬೇಕು, ಮುಗಿದ ಮೇಲೆ ರಕ್ತ, ಗಂಜಲ ತೊಳೆದು ಕಂಬಿಗೆ ಹಾಕಬೇಕು, ಹರಿದದ್ದನ್ನು ಹೊಲಿಯಬೇಕು. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಪ್ರಾಣಿ ಮಲಗಿಸಿದಿರಿ ಅಂದರೆ ಅವರಿಗೆ ಗೊತ್ತಿಲ್ಲ. ಹೊಲಿದು ಸವೆಸಿದ ಹಾಸಿಗೆ ಮಾತ್ರ ಅರವತ್ತನಾಲ್ಕು ಅಂತ ಥಟ್ಟನೆ ಹೇಳುತ್ತಾರೆ.

ಅವರ ತಂದೆ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದವರು. ಸೂಜಿ ಹಿಡಿಯುವುದರಲ್ಲಿ ಮಗಳದ್ದು ಎತ್ತಿದ ಕೈ. ಆಸ್ಪತ್ರೆಯ ಒಂದು ಹರಿದ ಹಾಸಿಗೆ ಹೊಲಿದು ಕೊಡಲು ಒಂದು ದಿನದ ಮಟ್ಟಿಗೆ ಬಂದವರು ಇಲ್ಲೇ ಉಳಿದುಬಿಟ್ಟರು. ಮನೆಯಲ್ಲಿ ಗಂಡನಿಗೆ ಇದೇ ತಮಾಷೆಯ ವಸ್ತು. “ಕುದುರೆಗೆ ಮೂರು ಮಡಿಕೆ ಹಾಸಿಗೆ, ನನಗೆ ಚಾಪೆ,” ಅಂತ ಬಂದವರ ಮುಂದೆಲ್ಲ ದೂರುತ್ತಾರಂತೆ. “ನೀವೂ ಮುನ್ನೂರು ಕಿಲೋ ಆಗಿ, ಹಾಸ್ತೀನಿ,” ಅನ್ನುವುದು ಇವರ ಸಿದ್ಧ ಉತ್ತರ.

ದೊಡ್ಡ ಪ್ರಾಣಿಗೆ ಅಷ್ಟು ಹಾಸಿಗೆ ಯಾಕೆ ಬೇಕು ಅನ್ನುವುದನ್ನು ಅವರು ವಿವರಿಸುವ ಬಗೆ ಬಲು ಸರಳ. “ಕೈ ಮೇಲೆ ತಲೆಯಿಟ್ಟು ಮಲಗಿ ಎದ್ದರೆ ಜೋಮು ಹಿಡಿಯುತ್ತಲ್ಲ? ಕೈ ನಮ್ಮದೇ ಅಲ್ಲ ಅನ್ನೋ ಹಾಗೆ ಜೋತಾಡುತ್ತಲ್ಲ? ನಮಗೆ ಎಚ್ಚರ ಆಗುತ್ತೆ, ಮಗ್ಗುಲು ಬದಲಾಯಿಸ್ತೀವಿ. ಮದ್ದು ಕೊಟ್ಟು ಮಲಗಿಸಿದ ಪ್ರಾಣಿ ಹೇಗೆ ಬದಲಾಯಿಸುತ್ತೆ? ಮೈಭಾರ ಪೂರ್ತಿ ಕೆಳಗಿನ ಮುಂಗಾಲಿನ ಮೇಲೆ. ತೋಳಿನ ಮೂಳೆ ಸುತ್ತಿಕೊಂಡು ಒಂದು ನರ ಬರುತ್ತೆ. ಅದು ಅದುಮಿಕೊಂಡರೆ ಮುಗೀತು.” ಅದಕ್ಕೆ ಉಪಾಯವೂ ಸರಳವೇ. ಮಲಗಿಸಿದ ತಕ್ಷಣ ಕೆಳಗಿನ ಮುಂಗಾಲನ್ನು ಆದಷ್ಟು ಮುಂದಕ್ಕೆ ಎಳೆದಿಡಬೇಕು. ಆಗ ಭಾರ ನರದ ಮೇಲೆ ಕೂರುವುದಿಲ್ಲ. ಆಪರೇಷನ್ ಮುಗಿಯುವವರೆಗೂ ಆ ಕಾಲು ಹಿಂದೆ ಸರಿಯದಂತೆ ಒಬ್ಬರು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಆ ಒಬ್ಬರು ಇವರು.

ಮುಂಗಾಲಿನ ನರದ ಕಾಯಿಲೆ ಪತ್ತೆ ಮಾಡುವುದೇ ಒಂದು ಸೋಜಿಗ. ಇಲ್ಲಿಗೆ ನಾಯಿಗಳೂ ಬರುತ್ತವೆ. ಹೋದ ತಿಂಗಳು ಸ್ಕೂಟರ್ ಬಡಿದ ನಾಯಿಯೊಂದು ಮುಂಗಾಲನ್ನು ಬಟ್ಟೆಯಂತೆ ಎಳೆದುಕೊಂಡು ಬಂದಿತ್ತು. ಡಾಕ್ಟರಮ್ಮ ಕಾಲು ಮುಟ್ಟುವ ಮೊದಲು ಅದರ ಕಣ್ಣಿಗೆ ಬೆಳಕು ಬಿಟ್ಟರು. ಕಾಲು ಕೆಟ್ಟದ್ದಕ್ಕೆ ಕಣ್ಣು ಯಾಕೆ? ಕಾಲಿನ ನರಗಳು ಬೆನ್ನುಹುರಿಯಿಂದ ಹೊರಡುವ ಜಾಗದಲ್ಲೇ ಕಣ್ಣಿನ ಪಾಪೆಗೆ ಹೋಗುವ ಒಂದು ಎಳೆಯೂ ಹೊರಡುತ್ತದಂತೆ. ಅದೇ ಕಡೆಯ ಪಾಪೆ ಸಣ್ಣಗಾಗಿ, ರೆಪ್ಪೆ ಜೋತುಬಿದ್ದಿದ್ದರೆ ನರ ಬುಡದಿಂದಲೇ ಕಿತ್ತು ಬಂದಿರಬಹುದು, ಆಸೆ ಕಮ್ಮಿ. ಕಣ್ಣು ಸರಿಯಿದ್ದರೆ ಪೆಟ್ಟು ಕೆಳಗೆಲ್ಲೋ ಬಿದ್ದಿದೆ ಅಂತ ಸಮಾಧಾನಪಟ್ಟುಕೊಳ್ಳಬಹುದು. ಆ ನಾಯಿಯ ಕಣ್ಣು ಸರಿಯಿತ್ತು. ಪಂಜ ನೆಲಕ್ಕೆ ಉಜ್ಜಿ ಗಾಯವಾಗದಿರಲೆಂದು ಹಾಸಿಗೆಯಕ್ಕ ಹಳೆಯ ಕ್ಯಾನ್ವಾಸಿನಲ್ಲಿ ಅದಕ್ಕೊಂದು ಬೂಟು ಹೊಲಿದು ಕೊಟ್ಟರು. ಮೂರನೇ ದಿನಕ್ಕೆ ನಾಯಿ ಬೂಟನ್ನು ಕಚ್ಚಿ ಚಿಂದಿ ಮಾಡಿತು. “ಇನ್ನೊಂದು ಹೊಲಿದೆ. ಅದರ ಹಟ ಅದಕ್ಕೆ, ನನ್ನ ಹಟ ನನಗೆ,” ಅಂತ ನಗುತ್ತಾರೆ.

ಹೇಸರಗತ್ತೆಯ ಮಾತು ಬಂದರೆ ಆ ನಗು ಇರುವುದಿಲ್ಲ. ಅದು ಲಾರಿ ಹತ್ತದ ಇಕ್ಕಟ್ಟಿನ ಏರುಬೀದಿಗಳಲ್ಲಿ ನೀರಿನ ಪೀಪಾಯಿಯ ಗಾಡಿ ಎಳೆಯುವ ಪ್ರಾಣಿ. ಯಜಮಾನರು ಅದನ್ನು ಕರೆಯುವುದು ಸಾಹೇಬ ಎಂದು. ಹೊಟ್ಟೆಯ ಬಲ ಪಕ್ಕದಲ್ಲಿ ಬೆಳೆದಿದ್ದ ಗಡ್ಡೆ ತೆಗೆಸಲು ತಂದಿದ್ದರು. ಎಡ ಮಗ್ಗುಲಿಗೆ ಮಲಗಿಸಿದರು. ನಲವತ್ತು ನಿಮಿಷದ ಕೆಲಸ ಅಂದುಕೊಂಡದ್ದು ಸುಮಾರು ಎರಡು ಗಂಟೆ ಎಳೆಯಿತು, ಗಡ್ಡೆಯ ಬೇರು ಒಳಗೆ ಇಳಿದಿತ್ತು. ನಡುವೆ ತಲೆಯ ಮೇಲಿನ ದೀಪ ಕೈಕೊಟ್ಟಿತು. ಹತ್ತಿರವಿದ್ದ ಹಾಸಿಗೆಯಕ್ಕ ಟಾರ್ಚ್ ಎತ್ತಿ ಹಿಡಿದರು. ಪ್ರಾಣಿಯನ್ನು ಸ್ವಲ್ಪ ಬೆನ್ನಿನ ಕಡೆಗೆ ವಾಲಿಸಿ ಎಂದು ಡಾಕ್ಟರಮ್ಮ ಹೇಳಿದಾಗ ನಾಲ್ಕು ಜನ ಹಗ್ಗ ಎಳೆದರು. ಆ ಎಳೆತಕ್ಕೆ ಕೆಳಗಿನ ಕಾಲು ಹಿಂದಕ್ಕೆ ಜಾರಿ ಎದೆಯಡಿ ಸೇರಿಕೊಂಡಿತು. ಯಾರೂ ನೋಡಲಿಲ್ಲ.

“ಯಾರೂ ಅಂದ್ರೆ ಯಾರು? ನೋಡಬೇಕಾದವಳು ನಾನು,” ಅನ್ನುತ್ತಾರೆ. “ಟಾರ್ಚ್ ಹಿಡಿದಿದ್ದೆ, ನಿಜ. ಕಣ್ಣು ಬೆಳಕಿನ ಹಿಂದೆ ಹೋಯ್ತು. ಎಲ್ಲರೂ ‘ಟಾರ್ಚ್ ಹಿಡಿದಿದ್ರಲ್ಲ ಅಕ್ಕ, ನಿಮ್ಮ ತಪ್ಪೇನಿದೆ’ ಅಂತಾರೆ. ಆ ಮಾತು ಕೇಳಿದ್ರೆ ಮೈ ಉರಿಯುತ್ತೆ. ತಪ್ಪು ನಂದು ಅಂತ ಒಪ್ಕೊಳ್ಳೋಕಾದರೂ ಬಿಡಿ ನನ್ನ.”

ಮದ್ದಿನ ಅಮಲು ಇಳಿದು ಸಾಹೇಬ ಎದ್ದದ್ದು ಮೂರೇ ಕಾಲಿನ ಮೇಲೆ. ಎಡ ಮೊಣಕೈ ಕೆಳಕ್ಕೆ ಜೋತುಬಿದ್ದಿತ್ತು, ಗೊರಸಿನ ತುದಿ ನೆಲ ಗೀರುತ್ತಿತ್ತು. ಹಾಸಿಗೆಯಕ್ಕ ಮಾಡಿದ ಮೊದಲ ಕೆಲಸವೆಂದರೆ ಬಗ್ಗಿ, ಆ ಕಾಲನ್ನು ನೆಟ್ಟಗೆ ಊರಿಸಿ, ಮಂಡಿಗೆ ಅಂಗೈ ಒತ್ತಿದ್ದು. ಪ್ರಾಣಿ ಆ ಕಾಲಿನ ಮೇಲೆ ಭಾರ ಬಿಟ್ಟು ನಿಂತಿತು. ಮೂಳೆ ಮುರಿದಿದ್ದರೆ ನಿಲ್ಲುತ್ತಿರಲಿಲ್ಲ. ತೋಳು ಮುಟ್ಟಿ ನೋಡಿದರು. ಗಟ್ಟಿಯಾಗಿ, ಬಿಸಿಯಾಗಿ ಇದ್ದರೆ ಮಾಂಸಖಂಡದ ತೊಂದರೆ. ಮೆತ್ತಗೆ ತಣ್ಣಗೆ ಇತ್ತು. ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ, ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ನೋಡಿ ಅದನ್ನೇ ಹೇಳಿದರು: ನರ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಸಾಹೇಬನ ಯಜಮಾನರಿಗೆ, ಆ ನೀರಿನ ಗಾಡಿಯವರಿಗೆ, ವಿಷಯ ತಿಳಿಸಬೇಕಾದದ್ದು ಡಾಕ್ಟರಮ್ಮ. ಹಾಸಿಗೆಯಕ್ಕ ಅವರಿಗಿಂತ ಮುಂಚೆ ಹೋಗಿ ಎದುರು ನಿಂತರು. “ಅಣ್ಣ, ಗಡ್ಡೆ ತೆಗೆದಾಯ್ತು. ಆದರೆ ಮುಂಗಾಲು ಹೋಗಿದೆ. ನಾನು ಕಾಯಬೇಕಿತ್ತು, ಕಾಯಲಿಲ್ಲ,” ಅಂದರು. ಅರವತ್ತು ದಾಟಿದ ಮನುಷ್ಯ ಅವರನ್ನು ಒಮ್ಮೆ ನೋಡಿ ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು ಅಂತ ಹಾಸಿಗೆಯಕ್ಕನಿಗೆ ಈಗಲೂ ಅನ್ನಿಸುತ್ತದೆ. ಮಾರನೆಯ ದಿನದಿಂದ ನೀರಿನ ಗಾಡಿಯವರು ಹುಲ್ಲಿನ ಕಟ್ಟು ಹೊತ್ತು ತಪ್ಪದೆ ಬಂದರು, ಕೊಟ್ಟಿಗೆಯ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತರು, ಒಂದು ಮಾತೂ ಆಡಲಿಲ್ಲ. ಐದು ದಿನ ಹೀಗೇ ನಡೆಯಿತು.

ಇಂದಿಗೆ ಹನ್ನೊಂದನೇ ದಿನ. ಚಿಕಿತ್ಸೆ ಅಂದರೆ ಊತ ಇಳಿಸುವ ಇಂಜೆಕ್ಷನ್, ಬಿಸಿನೀರಿನ ಶಾಖ, ತೋಳಿಗೆ ನೀವುವುದು, ಚಿಕ್ಕ ಪೆಟ್ಟಿಗೆಯೊಂದರಿಂದ ಮಾಂಸಖಂಡಕ್ಕೆ ಚುರುಕು ಮುಟ್ಟಿಸುವಷ್ಟು ಕರೆಂಟು. ನೀರಿನ ಪೈಪನ್ನು ಉದ್ದಕ್ಕೆ ಸೀಳಿ, ಒಳಗೆ ಹತ್ತಿ ಹೊಲಿದು, ಗೊರಸಿನಿಂದ ಮೊಣಕೈ ಕೆಳಗಿನವರೆಗೆ ಕಟ್ಟುತ್ತಾರೆ. ಹಗಲು ಎರಡೆರಡು ಗಂಟೆಗೊಮ್ಮೆ ಅದನ್ನು ಬಿಚ್ಚಿ ಹಾಸಿಗೆಯಕ್ಕ ಹತ್ತು ನಿಮಿಷ ಅಂಗೈ ಕೊಡುತ್ತಾರೆ. ಪೈಪೇ ಸಾಕಲ್ಲ ಅಂದರೆ, “ಪೈಪು ಕಾಲು ನಿಲ್ಲಿಸುತ್ತೆ. ನರ ಎದ್ದಿದೆಯೋ ಇಲ್ಲವೋ ಅಂತ ಪೈಪಿಗೆ ಗೊತ್ತಾಗುತ್ತಾ?” ಅನ್ನುತ್ತಾರೆ. ಅಂಗೈಗೆ ಗೊತ್ತಾಗುತ್ತದೆ. ಮೊದಲ ದಿನ ಎರಡು ಕೈ, ಮೈಭಾರ ಎಲ್ಲ ಹಾಕಿ ತಳ್ಳಬೇಕಿತ್ತು. ಸಂಜೆ ಮನೆಗೆ ಹೋದರೆ ಚೊಂಬು ಎತ್ತಲೂ ಆಗುತ್ತಿರಲಿಲ್ಲ. ಏಳನೇ ದಿನ ಒಂದು ಕೈ ಸಾಕಾಯಿತು. ನಿನ್ನೆ ಸಂಜೆ ಬಾಗಿಲು ದೂಡಿದಷ್ಟು ಒತ್ತಿದರೂ ಮಂಡಿ ನಿಂತಿತು.

ಆದರೆ ಹೊತ್ತು ಹೆಚ್ಚಿಲ್ಲ. ಎಡಗಾಲು ಕೈಬಿಟ್ಟಾಗಿನಿಂದ ಭಾರವೆಲ್ಲ ಬಲಗಾಲಿನ ಮೇಲೆ ಬಿದ್ದು ಆ ಗೊರಸು ಬಿಸಿಯಾಗತೊಡಗಿದೆ, ಒಳಗೆ ಬಾವು ಶುರುವಾಗುತ್ತಿರುವ ಗುರುತು ಅದು. “ಬಲಗಾಲು ಕೆಟ್ಟರೆ ಉಳಿಸೋಕಾಗಲ್ಲ,” ಎನ್ನುತ್ತಾರೆ ಡಾಕ್ಟರಮ್ಮ. “ನರ ತುಂಡಾಗಿಲ್ಲ, ಅದುಮಿಕೊಂಡಿದೆ ಅಷ್ಟೇ ಅಂತ ನನ್ನ ಅಂದಾಜು. ಅಂದಾಜೇ. ಒಳಗೆ ಇಣುಕಿ ನೋಡೋಕಾಗಲ್ಲ. ನಾಳೆ ಸಂಜೆಯೊಳಗೆ ಎಡಗಾಲು ತಾನಾಗಿ ಭಾರ ಹೊರದಿದ್ರೆ, ನರಳೋಕೆ ಬಿಡೋದಕ್ಕಿಂತ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡೋದು ಒಳ್ಳೇದು.” ಹಾಸಿಗೆಯಕ್ಕನಿಗೆ ಇದು ಗೊತ್ತು. ನೀರಿನ ಗಾಡಿಯವರಿಗೂ ಗೊತ್ತು.

ಈ ಹನ್ನೊಂದು ದಿನದಲ್ಲಿ ಆಸ್ಪತ್ರೆಯಲ್ಲಿ ಒಂದು ಹೊಸ ರೂಢಿ ಬಂದಿದೆ. ಆಪರೇಷನ್ ನಡೆಯುವಾಗ ಕಾಲು ಗಂಟೆಗೊಮ್ಮೆ ಯಾರಾದರೊಬ್ಬರು “ಕೆಳಗಿನ ಕಾಲು” ಅಂತ ಜೋರಾಗಿ ಕೂಗಬೇಕು, ನೋಡಿದವರು “ಮುಂದಿದೆ” ಅಂತ ಉತ್ತರ ಕೊಡಬೇಕು, ಕೊಡುವವರೆಗೆ ಡಾಕ್ಟರಮ್ಮನ ಕೈ ನಿಂತಿರಬೇಕು. ಹೀಗೆ ಮಾಡಿ ಅಂತ ಕೇಳಿಕೊಂಡವರು ಹಾಸಿಗೆಯಕ್ಕನೇ. ಅವರಿಗಿರುವ ಆಸೆಯೂ ಅಷ್ಟೇ. “ಇನ್ನೆರಡು ವರ್ಷಕ್ಕೆ ನಾನು ರಿಟೈರ್. ಸನ್ಮಾನ ಗಿನ್ಮಾನ ಏನೂ ಬೇಡ. ನಾನಿಲ್ಲದೆ ಹೋದರೂ ಕೂಗೋದು ನಿಲ್ಲಬಾರದು.”

ಐದೂವರೆ ಹೊತ್ತಿಗೆ ನೀರಿನ ಗಾಡಿಯವರು ಹುಲ್ಲಿನ ಕಟ್ಟು ಹೊತ್ತು ಬರುತ್ತಾರೆ. ಇತ್ತೀಚೆಗೆ ಅವರು ಗೋಡೆಯ ಕಡೆ ತಿರುಗಿ ಕೂರುವುದಿಲ್ಲ. ಆರನೇ ದಿನ, ನೀವಿ ನೀವಿ ಹಾಸಿಗೆಯಕ್ಕನ ಬೆರಳು ಬಾತದ್ದು ನೋಡಿ, “ಸ್ವಲ್ಪ ಹೊತ್ತು ನಾನು ನೀವ್ತೀನಿ, ಸರಿಯಮ್ಮ,” ಅಂದದ್ದೇ ಮೊದಲ ಮಾತು. ಆಮೇಲೆ ಬಾಯಿಗೆ ಹಾಕಿದ್ದ ಬೀಗ ಕಳಚಿಬಿತ್ತು. ಈಗ ಬಂದರೆ ಸಾಹೇಬನ ಪುರಾಣ ಮುಗಿಯುವುದೇ ಇಲ್ಲ. ಇವತ್ತು ಬಕೆಟ್ಟು ಬೋರಲು ಹಾಕಿ, ಸಾಹೇಬನ ಮುಖದೆದುರೇ ಕೂತು ಶುರು ಮಾಡುತ್ತಾರೆ.

“ಮೇಲಿನ ಬೀದಿ ತಿರುವಿನಲ್ಲಿ ಒಂದು ಕ್ಷೌರದಂಗಡಿ ಇದೆ ನೋಡಮ್ಮ. ಬಾಗಿಲಿಗೆ ಆಳೆತ್ತರದ ಕನ್ನಡಿ. ಅಲ್ಲಿಗೆ ಬಂದ ಅಂದ್ರೆ ಸಾಹೇಬ ನಿಂತ. ಎಳೆದ್ರೂ ಇಲ್ಲ, ಬೈದ್ರೂ ಇಲ್ಲ. ಒಂದು ಸಲ ಈ ಕಡೆ ಮುಖ, ಒಂದು ಸಲ ಆ ಕಡೆ ಮುಖ. ಒಳಗೆ ಗಡ್ಡಕ್ಕೆ ಸೋಪು ಹಚ್ಚಿಸ್ಕೊಂಡು ಕೂತೋರೆಲ್ಲ ನಗೋರು. ಅಂಗಡಿಯವನು ಬಾಚಣಿಗೆ ಹಿಡ್ಕೊಂಡು ಹೊರಗೆ ಬಂದು, ‘ಸಾಹೇಬರಿಗೆ ಯಾವ ಕಡೆ ಬೈತಲೆ ತೆಗೀಲಿ’ ಅನ್ನೋನು.”

ಸಾಹೇಬನ ಎರಡು ಕಿವಿಯೂ ಯಜಮಾನರ ದನಿಯ ಕಡೆಗಿವೆ. ಹಾಸಿಗೆಯಕ್ಕ ಮಂಡಿಯನ್ನೇ ನೋಡುತ್ತಿದ್ದಾರೆ. ಅಂಗೈಯಿಂದ ನಾಲ್ಕು ಬೆರಳಿಗೆ ಬಂದಿದ್ದಾರೆ, ನಾಲ್ಕರಿಂದ ಎರಡಕ್ಕೆ. ಮೊಣಕೈ ಮೇಲೆ, ತೋಳಿನ ಹಿಂಬದಿಯಲ್ಲಿ, ಚರ್ಮದಡಿ ಏನೋ ಸಣ್ಣಗೆ ಬಿಗಿಯುತ್ತಿದೆ.

“ಹೋದ ವರ್ಷ ಕನ್ನಡಿ ಒಡೆದುಹೋಯ್ತು,” ಯಜಮಾನರು ಮುಂದುವರಿಸುತ್ತಾರೆ. “ಮಾರನೇ ದಿನ ಸಾಹೇಬ ಬಂದು ನಿಂತ. ನೋಡ್ತಾನೆ, ಕನ್ನಡಿ ಇಲ್ಲ. ಬಾಗಿಲಿಂದ ಕತ್ತು ಒಳಗೆ ಹಾಕಿ ಹುಡುಕ್ತಾನಮ್ಮ ಇವನು. ಒಳಗೆ ಕೂತಿದ್ದೋನು…”

ಅಷ್ಟರಲ್ಲಿ ಅವರ ಕಣ್ಣು ಹಾಸಿಗೆಯಕ್ಕನ ಕಡೆ ಹೊರಳುತ್ತದೆ. ಹಾಸಿಗೆಯಕ್ಕನ ಎರಡು ಕೈಯೂ ಅವರ ಮಡಿಲಲ್ಲಿವೆ. ಮಂಡಿಯ ಹತ್ತಿರ ಯಾರ ಕೈಯೂ ಇಲ್ಲ. ಎಡ ಗೊರಸು ಪೂರ್ತಿ ನೆಲಕ್ಕೆ ಊರಿದೆ. ಯಜಮಾನರ ಕಥೆ ಅಲ್ಲಿಗೇ ನಿಲ್ಲುತ್ತದೆ.

ಹಾಸಿಗೆಯಕ್ಕ ಮಂಡಿಯ ಮೇಲಿಂದ ಕಣ್ಣು ಕೀಳದೆ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಹೇಳುತ್ತಾರೆ: “ಮಾತು ನಿಲ್ಲಿಸಬೇಡಿ ಅಣ್ಣ. ನಾನು ಕೈ ತೆಗೆದಿದ್ದು ಅವನಿಗಿನ್ನೂ ಗೊತ್ತಾಗಿಲ್ಲ.”