ಎರಡಕ್ಕೂ ‘ಹೂಂ ಮಿಸ್’

ಮಾಲೂರಿನ ಶಾಲೆಯೊಂದರಲ್ಲಿ ಹನ್ನೊಂದು ವರ್ಷ ವ್ಯಾಕರಣ ಕಲಿಸಿ, ಅನಂತರ ಕಾನೂನು ಓದಿ ಕರಿಕೋಟು ತೊಟ್ಟವಳು ನಾನು. ಎಂಬತ್ತರ ದಶಕದ ಕೊನೆಯಲ್ಲಿ ಮಕ್ಕಳ ಕುರಿತ ಹೊಸ ಕಾಯ್ದೆ ಜಾರಿಗೆ ಬಂದಾಗ, ಅಂಥ ಪ್ರಕರಣಗಳನ್ನು ನಡೆಸುವ ವಕೀಲರಿಗೆಂದು ಕೋಲಾರದಲ್ಲಿ ತರಬೇತಿ ಏರ್ಪಟ್ಟಿತು. ಮೊದಲ ಬೆಂಚಿನಲ್ಲೇ ಕುಳಿತೆ. ಮತ್ತೆ ವಿದ್ಯಾರ್ಥಿನಿಯಾದ ಹಿಗ್ಗಿನಲ್ಲಿ ನಲವತ್ತೆರಡರ ವಯಸ್ಸು ಮರೆತೇಹೋಗಿತ್ತು.

ಪ್ರಮಾಣಪತ್ರಕ್ಕೆ ಲಿಖಿತ ಪರೀಕ್ಷೆಯೊಂದೇ ಸಾಲದು. ಒಂದು ಮಗುವನ್ನು ಕಂಡು, ಅದರ ಇಚ್ಛೆಯನ್ನು ಮಕ್ಕಳ ಮಂಡಳಿಗೆ ವರದಿ ಮಾಡಬೇಕಿತ್ತು. ನನಗೆ ಒಪ್ಪಿಸಿದ್ದು ತಂದೆತಾಯಿಯಿಲ್ಲದ ಎಂಟು ವರ್ಷದ ಹುಡುಗಿಯನ್ನು. ಅವಳು ಮಕ್ಕಳ ನಿಲಯದಲ್ಲೇ ಉಳಿಯಬೇಕೋ, ಮುಳಬಾಗಿಲು ತಾಲ್ಲೂಕಿನ ಬೈರಕೂರಿನಲ್ಲಿ ಅಜ್ಜಿ, ಸೋದರಮಾವ ಇದ್ದ ಮನೆಗೆ ಹೋಗಬೇಕೋ ಎಂಬುದು ನಾನು ಅವಳನ್ನು ಕಾಣುವ ದಿನ ಮಧ್ಯಾಹ್ನವೇ ಮಂಡಳಿಯಲ್ಲಿ ತೀರ್ಮಾನವಾಗಲಿತ್ತು. ಮಿಕ್ಕ ವಿಚಾರಣೆಯೆಲ್ಲ ಮುಗಿದು, ಮಗುವಿನ ಮಾತೊಂದೇ ಬಾಕಿ.

ಹನ್ನೆರಡು ಪ್ರಶ್ನೆಗಳನ್ನು ಕ್ರಮವಾಗಿ ಬರೆದುಕೊಂಡು ಬೆಳಿಗ್ಗೆ ನಿಲಯಕ್ಕೆ ಹೋದೆ. ನನ್ನನ್ನು ಕಂಡೊಡನೆ ಹುಡುಗಿ ಎದ್ದು ನಿಂತು ಕೈಕಟ್ಟಿದಳು.

“ಇಲ್ಲೇ ಇರ್ತೀಯಾ?”

“ಹೂಂ ಮಿಸ್.”

ಬರೆದುಕೊಂಡೆ.

“ಅಜ್ಜಿ ಮನೆಗೆ ಹೋಗ್ತೀಯಾ?”

“ಹೂಂ ಮಿಸ್.”

ಲೇಖನಿ ನಿಂತಿತು. ನಾನು ಶಿಕ್ಷಕಿಯಾಗಿದ್ದೆನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಿಸ್ ಕೇಳಿದ್ದಕ್ಕೆಲ್ಲ ಹೂಂ ಅನ್ನುವುದನ್ನು ನನ್ನಂಥವರೇ ಮಕ್ಕಳಿಗೆ ಅಭ್ಯಾಸ ಮಾಡಿಸಿದ್ದೆವು.

ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದ ನಿಲಯದ ಅಡುಗೆಯಾಕೆ ನಕ್ಕಳು. “ಅಮ್ಮಾ, ನೀವು ಹಿಂಗೆ ನಿಂತ್ಕಂಡು ಕೇಳಿದ್ರೆ ನಾನೂ ಹೂಂ ಅಂತೀನಿ! ಕೂತ್ಕಳಿ, ನಾಲ್ಕು ಕಾಯಿ ಸುಲೀರಿ.”

ಕೋಟು ಕಳಚಿ ನೆಲದ ಮೇಲೆ ಕುಳಿತೆ. ಹುಡುಗಿಯೂ ಕುಳಿತಳು. ಅರ್ಧ ಮೊರ ತುಂಬುವವರೆಗೆ ನಾನು ಏನೂ ಕೇಳಲಿಲ್ಲ. ಅವಳಿಗೇ ತಡೆಯಲಾಗಲಿಲ್ಲ; ಮನೆಯ ತೆಲುಗು ಬಾಯಿಗೆ ಬಂತು.

“ಅಯ್ಯೋ, ಅಟ್ಲ ಕಾದು, ಹಂಗಲ್ಲ! ಹುಳ ಇರೋದನ್ನೂ ಹಾಕ್ತಿದ್ದೀರಲ್ಲಾ!”

“ನಿಂಗೆ ಯಾರು ಕಲಿಸಿದ್ದು?”

“ನಮ್ಮಜ್ಜಿ. ಈಗ ಅವಳಿಗೆ ಹುಳ ಕಾಣಲ್ಲ. ನಾನೇ ಆರಿಸಿಕೊಡ್ತಿದ್ದೆ. ಈಗ ಯಾರು ಆರಿಸ್ತಾರೆ?” ಕೈಯಲ್ಲಿದ್ದ ಕಾಯಿಯನ್ನು ಬಿಟ್ಟಳು. “ನಾನು ಹೋಗ್ಬೇಕು.”

ಹನ್ನೆರಡು ಪ್ರಶ್ನೆಗಳ ಮೇಲೂ ಗೆರೆ ಎಳೆದು, ಅವಳ ಮಾತುಗಳನ್ನು ಆಡಿದಂತೆಯೇ ಬರೆದುಕೊಂಡೆ. ಜೀವನದಲ್ಲಿ ಮೊದಲ ಬಾರಿಗೆ ಒಂದಕ್ಷರವನ್ನೂ ತಿದ್ದಲಿಲ್ಲ.

ಮಧ್ಯಾಹ್ನ ಮಂಡಳಿಯ ಅಧ್ಯಕ್ಷರು ವರದಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, ಜವಾನನನ್ನು ಕರೆದು ಕೇಳಿದರು:

“ಮುಳಬಾಗಿಲು ಕಡೆಗೆ ಮುಂದಿನ ಬಸ್ಸು ಎಷ್ಟು ಗಂಟೆಗಪ್ಪಾ?”

ಪ್ರಮಾಣಪತ್ರದ ವಿಷಯವನ್ನು ಕೇಳಲೂ ಮರೆತು, ಹುಡುಗಿಯ ಬಟ್ಟೆಗಂಟು ಕಟ್ಟಿಸಲು ನಾನು ನಿಲಯಕ್ಕೆ ಓಡಿದೆ.