ನೀರುಗಂಟಿಯ ಬಲಗಾಲು

ಮನೆಗೆ ಯಾರಾದರೂ ಹೊಸಬರು ಬಂದರೆ ನನ್ನ ಹೆಂಡತಿ ನನ್ನನ್ನು ಪರಿಚಯಿಸುವುದು ಹೀಗೆ: "ಇವ್ರು ಇಂಟರ್ನೆಟ್ಟಲ್ಲಿ ಬೇರೆಯವರು ಬರೆದಿದ್ದನ್ನ ಅಳಿಸ್ತಾರೆ."

ಪೂರ್ತಿ ಸುಳ್ಳೇನಲ್ಲ. ಹುಣಸೂರಿನ ಕಾಲೇಜೊಂದರಲ್ಲಿ ನಾನು ಇತಿಹಾಸದ ಅತಿಥಿ ಉಪನ್ಯಾಸಕ. ಉಳಿದ ಹೊತ್ತಿನಲ್ಲಿ ಆನ್‌ಲೈನ್ ವಿಶ್ವಕೋಶದ ಸಂಪಾದಕ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಆದರೆ ಒಂದು ನಿಯಮವಿದೆ. ನಿಮಗೆ ಗೊತ್ತಿರುವುದನ್ನು ಬರೆಯುವಂತಿಲ್ಲ. ಎಲ್ಲಾದರೂ ಅಚ್ಚಾಗಿರುವುದನ್ನು ಮಾತ್ರ ಬರೆಯಬೇಕು. ಕಣ್ಣಾರೆ ಕಂಡೆ ಎಂದರೆ ನಡೆಯುವುದಿಲ್ಲ, ಕಂಡವರು ಅದನ್ನು ಅಚ್ಚು ಹಾಕಿಸಿರಬೇಕು. ಇಲ್ಲದಿದ್ದರೆ ಆ ಸಾಲಿನ ಬಾಲಕ್ಕೆ ನನ್ನಂಥವನೊಬ್ಬ 'ಉಲ್ಲೇಖ ಬೇಕು' ಎಂಬ ಚೀಟಿ ಅಂಟಿಸುತ್ತಾನೆ. ಕೆಲವು ದಿನ ಕಾದು, ಆಮೇಲೆ ಸಾಲನ್ನೇ ತೆಗೆಯುತ್ತಾನೆ.

ಈ ನಿಯಮ ನನಗೆ ಹೇಳಿ ಮಾಡಿಸಿದಂತಿತ್ತು. ವಿಶ್ವವಿದ್ಯಾನಿಲಯ ನನಗೆ ಕಲಿಸಿದ್ದು ಒಂದೇ: ಯಾವುದನ್ನೂ ನಂಬಬೇಡ. ಅದರಲ್ಲೂ ನನ್ನ ನೆನಪನ್ನು ನಾನು ನಂಬುವುದಿಲ್ಲ. ಓದಿದ ಹೈಸ್ಕೂಲಿನ ಹಸಿರು ಬಣ್ಣದ ಮೆಟ್ಟಿಲುಗಳು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಜೊತೆಗೆ ಓದಿದವರನ್ನು ಕೇಳಿದರೆ, ಆ ಸ್ಕೂಲಿಗೆ ಮಹಡಿಯೇ ಇರಲಿಲ್ಲ ಎನ್ನುತ್ತಾರೆ.

ಈಚೆಗೆ ಗಾವಡಗೆರೆ ಕಡೆಯ ಒಂದು ಊರಿನ ಕೆರೆಯ ಬಗ್ಗೆ ಪುಟ್ಟ ಲೇಖನ ಹುಟ್ಟಿಕೊಂಡಿತು. ಕೆರೆಯ ವಿಸ್ತೀರ್ಣ, ಏರಿ, ತೂಬು ಎಲ್ಲ ಸರಿಯಾಗಿತ್ತು. ಕೊನೆಯಲ್ಲೊಂದು ಸಾಲು: 'ಈ ಕೆರೆಯ ಕೊನೆಯ ನೀರುಗಂಟಿಯವರು ತಮ್ಮ ನೆರಳನ್ನು ಪಾದದಿಂದ ಅಳೆದು ಗದ್ದೆಗಳ ಸರದಿ ಹೇಳುತ್ತಿದ್ದರು.' ನೀರುಗಂಟಿ ಎಂದರೆ ತೂಬು ತೆಗೆದು, ಗದ್ದೆಯಿಂದ ಗದ್ದೆಗೆ ಸರದಿಯಂತೆ ನೀರು ಹಾಯಿಸಲು ಊರೇ ಒಪ್ಪಿ ಇಟ್ಟುಕೊಂಡ ಮನುಷ್ಯ. ಸಾಲಿಗೆ ಉಲ್ಲೇಖವಿರಲಿಲ್ಲ. ಚೀಟಿ ಅಂಟಿಸಿದೆ. ಅರ್ಧ ದಿನವೂ ಕಾಯದೆ ಅಳಿಸಿದೆ.

ಮರುದಿನ ಬೆಳಗ್ಗೆ ಹತ್ತು ನಲವತ್ತಕ್ಕೆ ಸಾಲು ವಾಪಸ್ಸು ಬಂತು. ಅಳಿಸಿದೆ. ಒಂದೂ ಇಪ್ಪತ್ತಕ್ಕೆ ಮತ್ತೆ ಬಂತು. ಮತ್ತೆ ಅಳಿಸಿದೆ. ನಾಲ್ಕೂ ಹತ್ತಕ್ಕೆ ಮತ್ತೆ! ಒಂದು ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಹೀಗೆ ಹಿಂದಕ್ಕೂ ಮುಂದಕ್ಕೂ ಎಳೆಯಬಾರದೆಂದು ವಿಶ್ವಕೋಶದಲ್ಲಿ ಕಟ್ಟಳೆಯಿದೆ. ಆ ಪುಣ್ಯಾತ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ದಿನಕ್ಕೆ ಸರಿಯಾಗಿ ಮೂರೇ ಸಲ, ಅದೇ ಮೂರು ಹೊತ್ತಿಗೆ, ಪೂಜೆಯಂತೆ. ಅವನ ಬಳಕೆದಾರ ಹೆಸರು ಬರೀ ಅಂಕಿಗಳು. ಕೆಲಸವಿಲ್ಲದ ಯಾರೋ ತನ್ನ ಹುಟ್ಟಿದ ದಿನಾಂಕ ಇಟ್ಟುಕೊಂಡಿರಬೇಕು ಅಂದುಕೊಂಡೆ.

ಲೇಖನದ ಹಿಂದೆ ಚರ್ಚೆ ಪುಟ ಎಂದೊಂದು ಇರುತ್ತದೆ, ಜಗಳಗಳೆಲ್ಲ ಅಲ್ಲಿ. ನಾನು ಬರೆದೆ: 'ಮೋಡವಿದ್ದ ದಿನ ನೆರಳು ಎಲ್ಲಿಂದ ಬರುತ್ತಿತ್ತು?'

ಅವನು ಬರೆದ: 'ಮೋಡ ಇದ್ದ ದಿನ ನೀರಿಗೆ ಯಾರು ಜಗಳ ಆಡ್ತಾರೆ ಸ್ವಾಮಿ?'

ನಾನು ನನ್ನ ದೊಡ್ಡ ಕೋಲನ್ನೇ ಎತ್ತಿದೆ: 'ಈ ಭಾಗದ ಕೆರೆಗಳನ್ನೆಲ್ಲ ಸಂಶೋಧನೆಗಾಗಿ ನಾನೇ ಸುತ್ತಿದ್ದೇನೆ. ಇಂಥ ಪದ್ಧತಿ ಎಲ್ಲಿಯೂ ಕಂಡ ನೆನಪಿಲ್ಲ.'

ಒಂದೂ ಇಪ್ಪತ್ತಕ್ಕೆ ನನ್ನ ಆ ಸಾಲಿನ ಬಾಲಕ್ಕೆ ಅವನು ಚೀಟಿ ಅಂಟಿಸಿದ್ದ: 'ನಿಮ್ಮ ನೆನಪಿಗೆ ಉಲ್ಲೇಖ ಬೇಕು.'

ಇದನ್ನು ಹೆಂಡತಿಗೆ ತೋರಿಸಿದ್ದು ನನ್ನ ತಪ್ಪು. ಅಂದಿನಿಂದ ಮನೆಯಲ್ಲಿ ನಾನು "ಕೀ ಇಲ್ಲೇ ಇಟ್ಟಿದ್ದೆ" ಎಂದರೂ ಅವಳದು ಅದೇ ಮಾತು.

ಒಂಬತ್ತನೆಯ ದಿನ ಇಬ್ಬರ ಖಾತೆಗೂ ಇಪ್ಪತ್ನಾಲ್ಕು ಗಂಟೆ ಬೀಗ ಬಿತ್ತು. ಹಾಕಿದವರು ವಿಶ್ವಕೋಶದ ಅಡ್ಮಿನ್, ಎಚ್.ಡಿ. ಕೋಟೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಡಂ. ಬೀಗದ ಜೊತೆ ಟಿಪ್ಪಣಿಯನ್ನೂ ಬಿಟ್ಟಿದ್ದರು: 'ಇಬ್ಬರೂ ನಮ್ಮ ಕಡೆಯವರೇ ಇದ್ದಂತಿದೆ. ಶನಿವಾರ ಸ್ಕೂಲು ಮುಗಿಸಿಕೊಂಡು ಹುಣಸೂರಿಗೆ ಬರುತ್ತೇನೆ. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿಗೆ ಬನ್ನಿ. ಬರದಿದ್ದವರಿಗೆ ಒಂದು ವಾರ ಬೀಗ.' ಅಂಕಿಯವನು ಕೂಡಲೇ ಒಪ್ಪಿದ. ಆದರೆ ಒಂದೂ ಇಪ್ಪತ್ತರಿಂದ ಒಂದೂ ನಲವತ್ತರವರೆಗೆ ಮಾತ್ರ ಎಂದು ಷರತ್ತು ಹಾಕಿದ. ಎಷ್ಟು ಸೊಕ್ಕು ಎನಿಸಿತು.

ನಾನು ಹತ್ತು ನಿಮಿಷ ಮುಂಚೆಯೇ ಹೋಗಿ ಕೂತೆ. ಮೇಡಂ ಆಗಲೇ ಬಂದಿದ್ದರು; ಮೊದಲು ನನ್ನ ಪೂರ್ತಿ ಹೆಸರು ಕೇಳಿದರು. ಐವತ್ತರ ಆಸುಪಾಸಿನ ಹೆಂಗಸು. ಎದುರಿಗೆ ಕೂತವರೆಲ್ಲ ಹೋಂವರ್ಕ್ ಮಾಡಿಲ್ಲವೆಂದೇ ಭಾವಿಸುವ ಕಣ್ಣು. ಒಂದೂ ಇಪ್ಪತ್ತೆರಡಕ್ಕೆ ಖಾಕಿ ಷರ್ಟಿನ ಕಂಡಕ್ಟರೊಬ್ಬರು ಟಿಕೆಟ್ ಮಷೀನನ್ನು ಕೊರಳಿಗೆ ನೇತುಹಾಕಿಕೊಂಡು ಒಳಗೆ ಬಂದರು. ಪಿರಿಯಾಪಟ್ಟಣದ ಬಸ್ಸಿನಲ್ಲಿ ವರ್ಷಗಟ್ಟಲೆ ನನ್ನನ್ನು "ಒಳಗ್ ಬನ್ನಿ, ಒಳಗ್ ಬನ್ನಿ, ಮಧ್ಯ ಜಾಗ ಐತೆ" ಎಂದು ನೂಕಿದವರು ಇವರೇ! ಆಗ ಹೊಳೆಯಿತು. ಅಂಕಿಗಳು ಬಸ್ಸಿನ ನಂಬರು. ಹತ್ತು ನಲವತ್ತು, ಒಂದೂ ಇಪ್ಪತ್ತು, ನಾಲ್ಕೂ ಹತ್ತು ಎಂದರೆ ಟ್ರಿಪ್ಪುಗಳ ನಡುವೆ ಬಸ್ಸು ನಿಲ್ಲುವ ಹೊತ್ತು.

"ಓ, ಫುಟ್‌ಬೋರ್ಡ್ ಸಾರು!" ಎಂದರು ಅವರು, ನನ್ನನ್ನು ನೋಡಿ. "ನೀವಾ ನಮ್ಮಪ್ಪನ್ನ ಅಳಿಸ್ತಿದ್ದದ್ದು?"

ನೀರುಗಂಟಿ ಅವರ ತಂದೆ ಎಂದು ನನಗೆ ಗೊತ್ತಾದದ್ದು ಆ ಕ್ಷಣಕ್ಕೆ.

"ಊರಲ್ಲೀಗ ಬೋರ್‌ವೆಲ್ಲು, ಪೈಪು. ನೀರುಗಂಟಿ ಅಂದ್ರೆ ಈಗಿನ್ ಉಡುಗ್ರು ಐಕ್ಳಿಗೆ ಏನಂತ್ಲೇ ಗೊತ್ತಿಲ್ಲ. ನಮ್ಮಪ್ಪನ ಹೆಸ್ರು ಆಕಿ ಅಂತ ಕೇಳ್ದೆನಾ ಸಾರ್? ಒಂದು ಸಾಲು. ಅಂಗೊಬ್ಬ ಇದ್ದ ಅಂತ ಒಂದೇ ಒಂದು ಸಾಲು."

"ಅಪ್ಪನ ಬಗ್ಗೆ ಮಗನೇ ಬರೆಯೋ ಹಾಗಿಲ್ಲ," ಎಂದರು ಮೇಡಂ. "ಅಚ್ಚಾಗಿರೋದು ಬೇಕು ಕಣ್ರೀ."

"ಅಚ್ಚಾಗೈತೆ ಮೇಡಂ. ಮೈಸೂರು ಕಾಲೇಜಿನ ಯಾವನೋ ಓದೋ ಐದ ಬಂದು, ಎಲ್ಲಾನೂ ಕೇಳ್ಕಂಡು, ಪುಸ್ತಕಕ್ಕೆ ಆಕ್ತೀನಿ ಅಂತ ಬರ್ಕೊಂಡೋದ್ನಂತೆ. ಅಪ್ಪ ಸಾಯೋಗಂಟ ಯೋಳೋನು. ನಾನೂ ಎಲ್ಲಾ ಕಡೆ ಉಡುಕ್ದೆ."

ಮೇಡಂ ತಮ್ಮ ಬ್ಯಾಗಿನಿಂದ ನ್ಯೂಸ್ ಪೇಪರಿನ ರಟ್ಟು ಹಾಕಿದ್ದ ಹಳೆಯ ಪುಸ್ತಕವೊಂದನ್ನು ತೆಗೆದರು. ಯಾವುದೋ ಸಮ್ಮೇಳನದ ಸ್ಮರಣ ಸಂಚಿಕೆ. ಅವರ ಸ್ಕೂಲಿನ ಲೈಬ್ರರಿಯಲ್ಲಿ ಗ್ಲೋಬಿನ ಮುರಿದ ಕಾಲಿಗೆ ಆಸರೆಯಾಗಿ ಇಟ್ಟಿದ್ದರಂತೆ. ನಲವತ್ತೇಳನೆಯ ಪುಟ ತೆರೆದು, ಅದರ ಕೆಳಭಾಗಕ್ಕೆ ವಡೆಯ ತಟ್ಟೆ ಇಟ್ಟು ನನ್ನ ಕಡೆ ತಳ್ಳಿದರು. "ನೀವು ಉಲ್ಲೇಖಗಳ ವಿಷಯದಲ್ಲಿ ಕಟ್ಟುನಿಟ್ಟು. ಇದನ್ನ ಗಟ್ಟಿಯಾಗಿ ಓದಿ, ನಂಬಬಹುದಾ ಹೇಳಿ."

ಓದಿದೆ. ನೀರುಗಂಟಿ ಬಿಸಿಲಿಗೆ ಬೆನ್ನು ಮಾಡಿ ನೆಟ್ಟಗೆ ನಿಲ್ಲುತ್ತಿದ್ದರಂತೆ. ನೆರಳಿನ ತುದಿಗೆ ಕಲ್ಲಿಡುವವನು ಮುಂದಿನ ಸರದಿಯವನೇ ಆಗಬೇಕಂತೆ. ಈಗ ನೀರು ಕಟ್ಟಿಕೊಂಡಿರುವವನು ಇಟ್ಟರೆ ಕಲ್ಲು ಒಂದು ಗೇಣು ಆಚೆ ಬೀಳುತ್ತಿತ್ತಂತೆ. ಬೆಳಗಿನ ನೆರಳು ಒಂಬತ್ತು ಪಾದದಿಂದ ಆರಕ್ಕೆ ಇಳಿದರೆ ಒಂದು ಸರದಿ ಮುಗಿಯಿತು. ಅಳತೆಗೆ ಬಲಗಾಲನ್ನು ಮಾತ್ರ ಬಳಸುತ್ತಿದ್ದರು. 'ಇದರ ಹಿಂದೆ ಬಲಭಾಗ ಶುಭವೆಂಬ ಪ್ರಾಚೀನ ನಂಬಿಕೆ ಕೆಲಸ ಮಾಡಿರಬೇಕು.'

ನನಗೆ ಹಬ್ಬವಾಯಿತು. "ನೋಡಿ ಮೇಡಂ, ಇದು ಯೂನಿವರ್ಸಿಟಿ ಹುಡುಗರ ರೋಗ. ಪ್ರಾಚೀನ ನಂಬಿಕೆಯಂತೆ! ಯಾರು ಹೇಳಿದ್ರು ಇವನಿಗೆ? ಒಂದು ಮಾತು ಕೇಳಿ ಬರೆಯೋಕೆ ಏನಾಗಿತ್ತು? ಭಾಷೆ ಬೇರೆ ಉಬ್ಬಿಸಿದ್ದಾನೆ. ಈ ಮನುಷ್ಯನನ್ನ ನಾನಂತೂ ನಂಬೋದಿಲ್ಲ."

"ನಂಬಬೇಡಿ," ಎಂದು ಮೇಡಂ ವಡೆಯ ತಟ್ಟೆ ಎತ್ತಿದರು.

ಲೇಖನದ ಕೊನೆಯಲ್ಲಿ, ಎಣ್ಣೆಯ ಉಂಗುರದ ನಡುವೆ, ನನ್ನ ಹೆಸರಿತ್ತು.

ಕಂಡಕ್ಟರ್ ಅದನ್ನು ಬಗ್ಗಿ ಓದಿದರು, ನನ್ನನ್ನು ನೋಡಿದರು, ಮತ್ತೆ ಓದಿದರು. "ಆ ಐದ ನೀವಾ?" ಎಂದವರೇ ನನ್ನ ಕೈ ಹಿಡಿದುಕೊಂಡರು. "ನಮ್ಮನೇಲಿ ಉಂಡಿದೀರಾ ಸಾರ್! ಅಮ್ಮ ಉಪ್ಪೆಸರು ಮಾಡಿದ್ಲಂತೆ. ಎಂಗಿದ್ರು ನಮ್ಮಪ್ಪ ಆಗ? ಏನ್ ಮಾತಾಡುದ್ರು?"

ಸುಮ್ಮನೆ ಹೌದೆಂದುಬಿಡಬಹುದಿತ್ತು. ಉಪ್ಪೆಸರಿನ ರುಚಿ ಆಗಲೇ ನಾಲಗೆಗೆ ಬರತೊಡಗಿತ್ತು. ಅಂಥದ್ದಕ್ಕೇ ನಾನು ಹೆದರುವುದು. ನಿಜ ಹೇಳಿದೆ. ಆ ಊರೂ ನೆನಪಿಲ್ಲ, ಈ ಬರಹವೂ ನೆನಪಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಆ ದಿನಗಳಲ್ಲಿ ಬಸ್ಸು ತಪ್ಪಿದಾಗ ಕೆಲವು ಊರುಗಳ 'ಕ್ಷೇತ್ರಕಾರ್ಯ'ವನ್ನು ನಾನು ಹಾಸ್ಟೆಲಿನ ಮಂಚದ ಮೇಲೆ ಕೂತೇ ಮುಗಿಸಿದ್ದೆ. ಅವರಿವರು ಹೇಳಿದ್ದಕ್ಕೆ ಸ್ವಲ್ಪ ಬಣ್ಣ ಬಳಿದರೆ ಆಗುತ್ತಿತ್ತು. ಇದೂ ಅಂಥದ್ದೇ ಒಂದಾಗಿರಬಹುದು.

ಕಂಡಕ್ಟರ್ ಕೈ ಬಿಟ್ಟರು. "ಅಂಗಾರೆ ನಮ್ಮಪ್ಪನ್ನ ನೀವು ನೋಡೇ ಇಲ್ವಾ?"

"ಗೊತ್ತಿಲ್ಲ."

ಅವರು ಟಿಕೆಟ್ ಮಷೀನಿನ ಪಟ್ಟಿಯನ್ನು ತಿರುವುತ್ತ ಕೂತರು. ಹೊರಗೆ ಡ್ರೈವರ್ ಒಂದು ಸಲ ಹಾರನ್ ಹೊಡೆದ. ಎದ್ದು ಹೋಗುತ್ತಿದ್ದವರು ಬಾಗಿಲಲ್ಲಿ ನಿಂತು ತಿರುಗಿದರು. "ಮೇಡಂ, ಯಾವ್ ಕಾಲು ಅಂತ ಬರ್ದವ್ರೆ ಅದ್ರಲ್ಲಿ? ಇನ್ನೊಂದ್ಸಲ ಓದಿ."

"ಬಲಗಾಲು ಮಾತ್ರ. ಬಲಭಾಗ ಶುಭ ಅಂತ."

ಕಂಡಕ್ಟರ್ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದರು. "ಶುಭಾನಾ! ನಮ್ಮಪ್ಪಂಗೆ ಎಡಗಾಲಲ್ಲಿ ಎಳ್ಡು ಬೆರ್ಳೇ ಇರ್ಲಿಲ್ಲ ಕಣ್ ಸಾರ್. ನೇಗ್ಲು ಗುಳಕ್ಕೆ ಸಿಕ್ಕಿ ಕಿತ್ತೋದ್ವು. ಆ ಮೋಟುಗಾಲಲ್ಲಿ ಅಳುದ್ರೆ ಲೆಕ್ಕ ಜಾಸ್ತಿ ಬತ್ತದೆ, ಆರಕ್ಕೆ ಇಳಿಯೋದೇ ಇಲ್ಲ, ಮುಂದಿನ್ ಸರದಿಯೋನು ಒಡಿಯಕ್ಕೆ ಬತ್ತಾನೆ. ಅದ್ಕೇ ಬಲಗಾಲು! ಬಲಗಾಲಲ್ಲೇ ಅಳೀತಿದ್ದ ಅಂತ ಎದ್ರಿಗ್ ನಿಂತು ನೋಡ್ದೋರಿಗೆ ಮಾತ್ರ ಗೊತ್ತು. ಆಸ್ಟೆಲ್ಲಲ್ಲಿ ಕೂತ್ಕಂಡು ಎಂಗ್ ಬರೀತೀರಾ? ನೀವು ನಮ್ಮನೆಗೆ ಬಂದಿದ್ರಿ ಸಾರ್. ನೀವ್ ನೋಡಿದೀರಾ ನಮ್ಮಪ್ಪನ್ನ!"

ಎರಡನೆಯ ಹಾರನ್ನಿಗೆ ಅವರು ಓಡಿದರು. ಒಂದೂ ನಲವತ್ತೊಂದು; ನನ್ನಿಂದಾಗಿ ಬಸ್ಸು ಒಂದು ನಿಮಿಷ ತಡ.

ನಾನು ಕಂಡಿದ್ದೆ ಎಂಬುದಕ್ಕೆ ನನಗೆ ಸಿಕ್ಕ ಏಕೈಕ ಸಾಕ್ಷಿ, ನಾನು ಅದನ್ನು ತಪ್ಪಾಗಿ ತಿಳಿದುಕೊಂಡಿದ್ದೆ ಎಂಬುದು. ಎದುರಿಗೆ ಆ ಕಾಲು ಇತ್ತು, ಅದರ ಒಡೆಯರೂ ಇದ್ದರು. ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ನಾನು ಕೇಳದೆ ಪ್ರಾಚೀನ ನಂಬಿಕೆಯನ್ನು ತಂದು ಅಲ್ಲಿಟ್ಟಿದ್ದೆ.

ಅವರು ಮಗ, ನಾನು ಲೇಖಕ. ಆ ಸಾಲನ್ನು ಇಬ್ಬರೂ ಸೇರಿಸುವಂತಿಲ್ಲ. ಮೇಡಂ ಅಲ್ಲಿಯೇ ಕೂತು ಮೊಬೈಲಿನಲ್ಲಿ ಸೇರಿಸಿದರು. ನೆರಳು, ಕಲ್ಲು, ಬಲಗಾಲು. ಶುಭವನ್ನು ಬಿಟ್ಟರು. ಕೊನೆಗೆ ಉಲ್ಲೇಖ, ಪುಟ ನಲವತ್ತೇಳು.

ಕಥೆ ಅಲ್ಲಿಗೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ತಿಂಗಳಾಗುವಷ್ಟರಲ್ಲಿ ಕೆ.ಆರ್. ನಗರದ ಕಡೆಯ ಹೊಸ ಸಂಪಾದಕರೊಬ್ಬರು, ಬಹಳ ಶ್ರದ್ಧೆಯವರು, ಹಳೆಯ ಸಂಚಿಕೆಯನ್ನು ಎಲ್ಲಿಂದಲೋ ಹುಡುಕಿ ಸಾಲನ್ನು 'ಪೂರ್ಣಗೊಳಿಸಿದರು': ಬಲಭಾಗ ಶುಭವೆಂಬ ಪ್ರಾಚೀನ ನಂಬಿಕೆಯಿಂದ ಬಲಗಾಲನ್ನು ಮಾತ್ರ ಬಳಸುತ್ತಿದ್ದರು. ನಾನು ಅಳಿಸಿದೆ. ಅವರು ಮರಳಿ ಹಾಕಿ ಚರ್ಚೆ ಪುಟದಲ್ಲಿ ನನಗೆ ಬುದ್ಧಿ ಹೇಳಿದರು: 'ಉಲ್ಲೇಖವಿದೆ. ದಯವಿಟ್ಟು ಸ್ವಂತ ಅಭಿಪ್ರಾಯ ಹೇರಬೇಡಿ. ಲೇಖಕರು ಈ ಭಾಗದ ಕೆರೆಗಳನ್ನು ಸ್ವತಃ ಸುತ್ತಿದವರು.' ಆ ಲೇಖಕ ನಾನೇ, ನಾನು ಹೇಳಿದ್ದು ತಪ್ಪು ಎಂದೆ. 'ಇದಕ್ಕೆ ಉಲ್ಲೇಖ?' ಎಂದರು.

ಕಂಡಕ್ಟರ್ ಫೋನ್ ಮಾಡಿದರು. ಈ ಸಲ ನಗುತ್ತಿರಲಿಲ್ಲ. "ನಮ್ಮಪ್ಪ ಶುಭ ಗಿಭ ನೋಡ್ದೋನಲ್ಲ ಸಾರ್. ಬೆಕ್ಕು ಅಡ್ಡ ಬಂದ್ರೆ ಅದ್ಕೂ ಏನೋ ಕೆಲ್ಸ ಇರ್ತದೆ ಬುಡು ಅನ್ನೋನು. ನ್ಯಾಯವಾಗ್ ಅಳೀಬೇಕು ಅಂತ ಒಳ್ಳೆ ಕಾಲಲ್ಲಿ ಅಳುದ್ರೆ, ಈಗ್ ಮೂಢನಂಬಿಕೆಯೋನು ಆದ. ನೀವ್ ಅಳಿಸ್ದಾಗ್ಲೇ ವಾಸಿ ಇತ್ತು."

ಮೇಡಮ್ಮನ್ನು ಕೇಳಿದರೆ ಒಂದೇ ಮಾತು: "ಅಚ್ಚಾಗಿರೋದು ತನ್ನಿ."

ಆದ್ದರಿಂದ ಈ ಬರಹ. ಇದು ಅಚ್ಚಾದ ಮೇಲೆ, ನನ್ನನ್ನೂ ಆ ಕಂಡಕ್ಟರನ್ನೂ ಅರಿಯದ ಯಾರಾದರೊಬ್ಬರು ದಯವಿಟ್ಟು ವಿಶ್ವಕೋಶದ ಆ ಪುಟಕ್ಕೆ ಹೋಗಿ ಶುಭವನ್ನು ತೆಗೆದು, ನೇಗಿಲ ಗುಳವನ್ನು ಸೇರಿಸಿ, ಈ ಪುಟದ ಸಂಖ್ಯೆಯನ್ನು ನಮೂದಿಸಬೇಕಾಗಿ ಕೋರಿಕೆ. ಕೆ.ಆರ್. ನಗರದವರು ಖಂಡಿತ ಜಗಳಕ್ಕೆ ಬರುತ್ತಾರೆ. ದಿನಕ್ಕೆ ಮೂರೇ ಸಲ ಎಂಬುದು ನೆನಪಿರಲಿ.

ಇಷ್ಟು ಬರೆದು ಮುಗಿಸುವಾಗ ನನಗೆ ಎಂದಿನ ಅನುಮಾನ ಬಂತು. ಹೋಗಿದ್ದು ಎರಡು ಬೆರಳೋ, ಮೂರೋ? ಗಡಿಯಾರ ನೋಡಿ, ನಾಲ್ಕೂ ಹತ್ತಕ್ಕೆ ಸರಿಯಾಗಿ ಫೋನ್ ಮಾಡಿದೆ.

"ಎಳ್ಡು ಸಾರ್," ಎಂದರು ಕಂಡಕ್ಟರ್. "ಈ ಸಲ ಕೇಳಿ ಬರೀತಿದೀರಲ್ಲ, ಅಷ್ಟು ಸಾಕು."