ವಿಮಾನ ಬಂದ ದಿನದ ಸಿಗಡಿ

ಇವತ್ತು ಬೀದರಿನ ನಮ್ಮ ಹಿತ್ತಲಲ್ಲಿ ಮೊಮ್ಮಗಳು ಕೆಂಡದ ಮೇಲೆ ಸಿಗಡಿ ಸುಡುತ್ತಿದ್ದಾಗ ವಿಮಾನವೊಂದು ಹಾದುಹೋಯಿತು. ಅವಳು ಕತ್ತೆತ್ತಿದಳು. ನನಗೆ ಚಿಕ್ಕಂದಿನ ಊರಾದ ಸಾಯಗಾಂವದ ಅಂಗಳ ನೆನಪಾಯಿತು.

ಅದು ೧೯೪೮, ನಿಜಾಮನ ರಾಜ್ಯಕ್ಕೆ ಭಾರತದ ಸೇನೆ ನುಗ್ಗಿದ ಪೊಲೀಸ್ ಆ್ಯಕ್ಷನ್ ಸಮಯ. ಮಾಂಜ್ರಾ ಹೊಳೆಯ ಸಿಗಡಿಗೆ ಉಪ್ಪು, ಅರಿಶಿನ ಸವರಿ, ಸಿಪ್ಪೆ ಸಮೇತ ಅಜ್ಜಿ ಬೂದಿ ಮುಚ್ಚಿದ ಕೆಂಡದ ಮೇಲೆ ಇಟ್ಟಿದ್ದಳು. ವಿಮಾನದ ಸದ್ದಿಗೆ ನಾವೆಲ್ಲ ಒಳಗೆ ಓಡಿದೆವು.

"ಅತ್ತಿ, ಒಳಗ ಬರ್ರಿ," ಅವ್ವ ಬಾಗಿಲಿಂದ ಕೂಗಿದಳು.

"ಈಗಷ್ಟೇ ಮುರುಟ್ಲಾಕ ಹತ್ಯಾವ. ಬಿಟ್ಟು ಬಂದ್ರ ತೊಗಲಾಗ್ತಾವ," ಎಂದ ಅಜ್ಜಿ, ಮುರುಟಿ ಕೆಂಪಾದದ್ದನ್ನಷ್ಟೇ ಒಂದೊಂದಾಗಿ ತಾಟಿಗೆ ತೆಗೆದಳು.

ನಿಜಾಮನ ರಾಜ್ಯ ಮುಗಿಯಿತೆಂದು ಊರೆಲ್ಲ ಸುದ್ದಿಯಾದಾಗ ನಾನು ಅಜ್ಜಿಯನ್ನು ಕೇಳಿದೆ, "ಆಯಿ, ವಿಮಾನ ಹ್ಯಾಂಗಿತ್ತು?" ಅಂದು ಹೊರಗಿದ್ದವಳು ಅವಳೊಬ್ಬಳೇ.

"ನಾ ಎಲ್ಲಿ ನೋಡ್ದೆ?" ಎಂದಳು.

ಮೊಮ್ಮಗಳು ಇನ್ನೂ ಆಕಾಶ ನೋಡುತ್ತಿದ್ದಳು. ಸಿಗಡಿ ಮುರುಟತೊಡಗಿತ್ತು. ನಾನು ಇಕ್ಕಳ ಕೈಗೆತ್ತಿಕೊಂಡೆ.